ಪೆಲಗ್ರ ರೋಗವೂ ಡಾಕ್ಟರ್ ಗೋಲ್ಡ್‌ಬರ್ಗರರೂ

ಒಂದು ಮನೆಯಲ್ಲಿ ನಾಲ್ವರು ಒಂದೇ ಕಾಲದಲ್ಲಿ ಹಾಸಿಗೆ ಹಿಡಿದರೆ, ಅದು ಒಬ್ಬರಿಂದೊಬ್ಬರಿಗೆ ಅಂಟಿದ ಜಾಡ್ಯವೆಂದು ನಾವು ಕೂಡಲೇ ತೀರ್ಮಾನಿಸಿಬಿಡುತ್ತೇವೆ. ಆ ನಾಲ್ವರೂ ಒಂದೇ ಒಲೆಯ ಅನ್ನವನ್ನು ಉಂಡವರೆಂಬ ಸಂಗತಿಯು ನಮ್ಮ ಲಕ್ಷ್ಯಕ್ಕೆ ಬರುವುದು ಕಡಮೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೇರಿಕಾ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಹೆಸರಾಂತ ವೈದ್ಯರೂ ಹೀಗೆಯೇ ದಾರಿ ತಪ್ಪಿದ್ದರು. ಅವರ ಕಣ್ಣು ತೆರೆಯಿಸಲು ಹದಿನೈದು ವರ್ಷ ದುಡಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರರ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ರೋಗದ ಹೆಸರು ಪೆಲಗ್ರ. ಒರಟು ಚರ್ಮವೆಂದು ಇಟಲಿಯ ಭಾಷೆಯಲ್ಲಿ ಅದರ ಅರ್ಥ. ಬಿಸಿಲು ತಾಕುವ ಕೈ, ಕಾಲು, ಕುತ್ತಿಗೆಗಳ ಮೇಲೆ ಸುಟ್ಟಂತಹ ಕಪ್ಪು ಕೆಂಪು ಕಲೆಗಳು ಎದ್ದು ಚರ್ಮವು ಸುಲಿಯುವುದು, ನಾಲಗೆ ಹುಣ್ಣಾಗುವುದು, ಭೇದಿ ಹತ್ತುವುದು, ಕಡೆಗೆ ಬುದ್ಧಿಭ್ರಮಣೆಯಾಗಿ ರೋಗಿಯು ಹುಚ್ಚರ ಆಸ್ಪತ್ರೆಯನ್ನೋ ಸ್ಮಶಾನವನ್ನೋ ಸೇರುವನು. ಇದನ್ನು ಮೊದಲು 1735ರಲ್ಲಿ ಸ್ಪೇನ್ ದೇಶದ ಗಾಸ್ಪಾರ್ ಕಸಾಲ್ ಎಂಬ ವೈದ್ಯರು ಬಡ ರೈತರಲ್ಲಿ ಗುರುತಿಸಿದರು. ಎಲ್ಲೆಲ್ಲಿ ಬಡವರಿಗೆ ಮುಸುಕಿನ ಜೋಳವೇ (ಉತ್ತರದ ನಮ್ಮವರು ಗೋವಿನ ಜೋಳವೆನ್ನುವುದು ಇದನ್ನೇ) ಮುಖ್ಯಾಹಾರವಾಯಿತೋ ಅಲ್ಲೆಲ್ಲ ಇದು ಕಾಣಿಸಿಕೊಂಡಿತು. ಅಮೇರಿಕಾದ ದಕ್ಷಿಣದಲ್ಲಿ ಮೊದಲ ನಾಲ್ಕು ದಶಕಗಳಲ್ಲಿ ಸುಮಾರು 30 ಲಕ್ಷ ಜನರಿಗೆ ಈ ರೋಗ ತಗಲಿತೆಂದೂ ಸುಮಾರು 1 ಲಕ್ಷ ಜನರು ಸತ್ತರೆಂದೂ ಲೆಕ್ಕ ಹಾಕಿದ್ದಾರೆ.

ಗೋಲ್ಡ್‌ಬರ್ಗರರು ಹುಟ್ಟಿದ್ದು 1874ರಲ್ಲಿ, ಅಂದಿನ ಹಂಗೇರಿಯ ಒಂದು ಹಳ್ಳಿಯಲ್ಲಿ, ಯೆಹೂದ್ಯ ಮನೆತನ. ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ನ್ಯೂಯಾರ್ಕಿಗೆ ಬಂದರು. ತಂದೆಯದು ಬಡವರ ಕೇರಿಯಲ್ಲೊಂದು ದಿನಸಿಯ ಅಂಗಡಿ. ಯಾರು ಏನು ಕೊಳ್ಳುವರು, ಯಾರು ಕೊಳ್ಳಲಾರದೆ ಹಿಂದಿರುಗುವರು ಎಂಬುದನ್ನು ಅಂಗಡಿಯವನ ಮಗನು ಕಂಡಷ್ಟು ಇನ್ನಾರು ಕಂಡಾರು? 1895ರಲ್ಲಿ ವೈದ್ಯಪದವಿ ಪಡೆದು, 1899ರಲ್ಲಿ ಸರ್ಕಾರದ ಆರೋಗ್ಯಸೇವೆಗೆ ಸೇರಿದರು. ರೋಗಗಳನ್ನು ಹುಡುಕುತ್ತ ಹೋದಲ್ಲಿ ಹಳದಿ ಜ್ವರ, ಡೆಂಗೆ, ಟೈಫಸ್ ಮೂರೂ ಅವರನ್ನೇ ಹಿಡಿದುವು; ಮೂರರಿಂದಲೂ ಬದುಕಿ ಉಳಿದರು. 1914ರಲ್ಲಿ ಮೇಲಧಿಕಾರಿಗಳು ಅವರನ್ನು ಪೆಲಗ್ರದ ಶೋಧನೆಗೆ ನೇಮಿಸಿದರು.

ಆಗ ಬಹುಮಂದಿ ವೈದ್ಯರು ಇದು ಯಾವುದೋ ಕ್ರಿಮಿಯಿಂದ ಹರಡುವುದೆಂದು ನಂಬಿದ್ದರು, ವಂಶದೋಷವೆನ್ನುವವರೂ ಇದ್ದರು. ಗೋಲ್ಡ್‌ಬರ್ಗರರು ಮೊದಲು ಯಂತ್ರವನ್ನೂ ಸೂಕ್ಷ್ಮದರ್ಶಕವನ್ನೂ ಮುಟ್ಟಲಿಲ್ಲ. ಹುಚ್ಚರ ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ಸುತ್ತಿ ಸುಮ್ಮನೆ ನೋಡಿದರು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಪೆಲಗ್ರ ಬರುತ್ತಿತ್ತು. ಹಗಲಿರುಳು ಅವರನ್ನು ಮುಟ್ಟಿ ಉಪಚರಿಸುವ ದಾದಿಯರಿಗೂ ಸೇವಕರಿಗೂ ಬರುತ್ತಿರಲಿಲ್ಲ. ಅಂಟುವ ರೋಗವು ದಾದಿಯೆಂದು ಗುರುತು ಹಿಡಿದು ಬಿಟ್ಟುಬಿಡುವುದೆ? ಮಿಸಿಸಿಪಿಯ ಜ್ಯಾಕ್ಸನ್ ಪಟ್ಟಣದ ಅನಾಥಾಲಯದಲ್ಲಿಯಂತೂ ಇನ್ನೂ ವಿಚಿತ್ರ. ತೀರ ಚಿಕ್ಕ ಮಕ್ಕಳಿಗೆ ರೋಗವಿಲ್ಲ, ದೊಡ್ಡ ಹುಡುಗರಿಗೂ ಇಲ್ಲ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಮಾತ್ರ. ಕಾರಣವು ಅಡುಗೆಮನೆಯಲ್ಲಿತ್ತು. ಕೂಸುಗಳಿಗೆ ಹಾಲು ಸಿಕ್ಕುತ್ತಿತ್ತು, ಕೆಲಸ ಮಾಡುವ ದೊಡ್ಡವರಿಗೆ ಮಾಂಸ ಸಿಕ್ಕುತ್ತಿತ್ತು. ನಡುವಿನವರಿಗೆ ಜೋಳದ ಗಂಜಿ, ರೊಟ್ಟಿ, ಕಾಕಂಬಿ. ಗೋಲ್ಡ್‌ಬರ್ಗರರು ಸರ್ಕಾರದ ಹಣದಿಂದ ಆ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಅವರೆಜಾತಿಯ ಕಾಳುಗಳನ್ನು ಕೊಡಿಸಿದರು, ಬೇರೇನನ್ನೂ ಬದಲಾಯಿಸಲಿಲ್ಲ. ಮರುವರ್ಷ ವಸಂತಕಾಲಕ್ಕೆ ರೋಗವು ಬಹುಮಟ್ಟಿಗೆ ಮಾಯವಾಗಿತ್ತು.

ಒಳ್ಳೆಯ ಊಟದಿಂದ ರೋಗ ಹೋಗುವುದಾದರೆ, ಕೆಟ್ಟ ಊಟದಿಂದ ಅದನ್ನು ಬರಿಸಬಹುದೆ? 1915ರಲ್ಲಿ ಮಿಸಿಸಿಪಿಯ ಬಂದೀಖಾನೆಯ ಹೊಲವೊಂದರಲ್ಲಿ ಇದನ್ನು ಪರೀಕ್ಷಿಸಿದರು. ಒಪ್ಪಿದ ಕೈದಿಗಳಿಗೆ ಬಿಡುಗಡೆ ಕೊಡುವೆನೆಂದು ಗವರ್ನರ್ ಬ್ರೂವರ್ ಮಾತು ಕೊಟ್ಟರು. ಜೋಳದ ಹಿಟ್ಟು, ಮೈದಾ, ಅಕ್ಕಿ, ಗೆಣಸು, ಸಕ್ಕರೆಪಾಕ ಇವೇ ಊಟ, ಹೊಟ್ಟೆಗೆ ಕೊರತೆಯಿರಲಿಲ್ಲ. ಕೊನೆಯವರೆಗೆ ನಿಂತ 11 ಮಂದಿಯಲ್ಲಿ 6 ಮಂದಿಗೆ ಆರು ತಿಂಗಳೊಳಗೆ ಪೆಲಗ್ರದ ಲಕ್ಷಣಗಳು ಹುಟ್ಟಿದುವು. ಸೆರೆಯವನ ಸಮ್ಮತಿಯು ಎಷ್ಟರಮಟ್ಟಿಗೆ ಸ್ವತಂತ್ರ ಸಮ್ಮತಿಯೆಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತದೆ ಇರಲಾರೆವು. ಇಂದು ಅಂತಹ ಪರೀಕ್ಷೆಗೆ ಯಾವ ವೈದ್ಯಸಭೆಯೂ ಒಪ್ಪಿಗೆ ಕೊಡುವುದಿಲ್ಲ.

ಆದರೆ ಅವರು ಪರರ ದೇಹವನ್ನು ಮಾತ್ರ ಪಣವಾಗಿಟ್ಟವರಲ್ಲ. ಪ್ರತಿಪಕ್ಷದವರು ಇಷ್ಟಕ್ಕೂ ನಂಬದಿರಲು, 1916ರಲ್ಲಿ ಗೋಲ್ಡ್‌ಬರ್ಗರರೂ ಅವರ ಸಂಗಡಿಗರೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ರೋಗಿಯ ಮೂಗು ಗಂಟಲುಗಳ ದ್ರವವನ್ನು ತಮ್ಮ ಮೂಗು ಗಂಟಲುಗಳಿಗೆ ಹಚ್ಚಿಕೊಂಡರು. ಉದುರಿದ ಚರ್ಮದ ಹೊಟ್ಟನ್ನೂ ಮಲಮೂತ್ರಗಳನ್ನೂ ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ವಾಚಕರು ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು. ಗೋಲ್ಡ್‌ಬರ್ಗರರ ಪತ್ನಿ ಮೇರಿಯವರು ತಾವೂ ಸೇರುವೆವೆಂದು ಹಟ ಹಿಡಿದರು. ಗುಳಿಗೆಯನ್ನು ಕೊಡಲು ಗಂಡಸರು ಒಪ್ಪದೆ, ಕಡೆಗೆ ರೋಗಿಯ ರಕ್ತವನ್ನು ಅವರಿಗೆ ಚುಚ್ಚಿದರು. ಒಟ್ಟು 16 ಮಂದಿಯಲ್ಲಿ ಒಬ್ಬರಿಗೂ ಪೆಲಗ್ರ ಬರಲಿಲ್ಲ.

ನಮ್ಮ ಮಟ್ಟಿಗೆ ಅವರ ಅತ್ಯಂತ ಬೆಲೆಯುಳ್ಳ ಕೆಲಸವು ಇದಾವುದೂ ಅಲ್ಲ. ಅದು ದಕ್ಷಿಣ ಕ್ಯಾರೊಲೈನಾದ ಏಳು ಹತ್ತಿಗಿರಣಿ ಹಳ್ಳಿಗಳಲ್ಲಿ ನಡೆಯಿತು. ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರನ್ನು ಜೊತೆಗಿಟ್ಟುಕೊಂಡು, ವೈದ್ಯರು ಮನೆಮನೆಗೂ ಹೋಗಿ ರೋಗಿಗಳನ್ನು ಎಣಿಸಿದರು. ಜೊತೆಯಲ್ಲೇ ಆ ಮನೆಯ ಸಂಪಾದನೆಯೆಷ್ಟು, ಹದಿನೈದು ದಿನಗಳಲ್ಲಿ ಅಂಗಡಿಯಿಂದ ತಂದ ಸಾಮಾನೇನು, ಹಸುವುಂಟೋ ಇಲ್ಲವೋ ಎಂಬುದನ್ನೂ ಬರೆದುಕೊಂಡರು. ವೈದ್ಯನು ನಾಡಿಯ ಜೊತೆಗೆ ಅಂಗಡಿಯ ಚೀಟಿಯನ್ನೂ ಪರೀಕ್ಷಿಸಿದ್ದು ಅಪೂರ್ವವಾದ ಸಂಗತಿ. ಲೆಕ್ಕವು ಸ್ಪಷ್ಟವಾಗಿತ್ತು: ಸಂಪಾದನೆ ಇಳಿದಂತೆಲ್ಲ ಪೆಲಗ್ರ ಏರಿತು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮಾತೂ ಹೊರಬಿತ್ತು. ಹೆಚ್ಚುಕಡಮೆ ಒಂದೇ ಕೂಲಿಯ ಎರಡು ಹಳ್ಳಿಗಳಲ್ಲಿ, ಸುತ್ತಲಿನ ರೈತರು ಹಾಲು, ತರಕಾರಿ, ಮಾಂಸಗಳನ್ನು ತಂದು ಮಾರುತ್ತಿದ್ದ ಹಳ್ಳಿಗೆ ರೋಗದ ಕಾಟವಿರಲಿಲ್ಲ. ಸುತ್ತಲೂ ಹತ್ತಿಯನ್ನೇ ಬಿತ್ತಿ, ಗಿರಣಿಯ ಅಂಗಡಿಯೊಂದೇ ಗತಿಯಾಗಿದ್ದ ಹಳ್ಳಿಯು ನರಳುತ್ತಿತ್ತು. ಕೈಯಲ್ಲಿ ಕಾಸಿದ್ದರೂ ಕೊಳ್ಳಲು ಪದಾರ್ಥವಿಲ್ಲ. ಗೇಣಿಯ ಒಕ್ಕಲಿನವನಿಗೆ, ಬಿಳಿಯನಾಗಲಿ ಕರಿಯನಾಗಲಿ, ಹಿತ್ತಲಿನಲ್ಲಿ ಸೊಪ್ಪು ಬೆಳೆಯಲು ಸ್ಥಳವಿಲ್ಲದೆ ಬಾಗಿಲವರೆಗೂ ಹತ್ತಿಯೇ ಬೆಳೆದಿರುತ್ತಿತ್ತು.

ಗೃಹಸ್ಥರು ವಿಶೇಷವಾಗಿ ಗಮನಿಸತಕ್ಕದ್ದು ಇನ್ನೊಂದುಂಟು. ಒಂದೇ ಮನೆಯಲ್ಲಿ ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ ಮಕ್ಕಳ ತಾಯಂದಿರಿಗೆ, ರೋಗವು ಹೆಚ್ಚಾಗಿ ಬರುತ್ತಿತ್ತು. ಇದ್ದ ಸ್ವಲ್ಪ ಮಾಂಸವು ದುಡಿಯುವವನಿಗೆ, ಇದ್ದ ಸ್ವಲ್ಪ ಹಾಲು ಕೂಸಿಗೆ. ಬಡಿಸಿದವಳಿಗೆ ಉಳಿದ ರೊಟ್ಟಿ. ಈ ಪದ್ಧತಿಯು ಎಷ್ಟು ಸಾವಿರ ಮೈಲಿ ದೂರದ್ದೆಂದು ನಮ್ಮ ವಾಚಕಿಯರಿಗೆ ನಾವು ಹೇಳಬೇಕಾಗಿಲ್ಲ.

1920ರಲ್ಲಿ ಹತ್ತಿಯ ಬೆಲೆ ಕುಸಿಯಿತು. ಪೆಲಗ್ರವು ಹೆಚ್ಚುವುದೆಂದು ಗೋಲ್ಡ್‌ಬರ್ಗರರು ಎಚ್ಚರಿಸಿದರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗರು ನೆರವಿನ ಮಾತೆತ್ತಿದಾಗ, ದಕ್ಷಿಣದ ಮುಖಂಡರು ತಮ್ಮ ನಾಡಿಗೆ ಕ್ಷಾಮದ ಕಳಂಕ ಹಚ್ಚಿದರೆಂದು ರೇಗಿಬಿದ್ದರು. ರೋಗಕ್ಕಿಂತ ರೋಗದ ಹೆಸರೇ ಅವರಿಗೆ ಹೆಚ್ಚು ಅವಮಾನವಾಯಿತು.

ಒಕ್ಕಲುತನದ ಪದ್ಧತಿಯನ್ನು ಬದಲಾಯಿಸುವುದು ವೈದ್ಯನ ಕೈಯಲ್ಲಿರಲಿಲ್ಲ. ಆದ್ದರಿಂದ ಅಗ್ಗದ ಮದ್ದನ್ನು ಹುಡುಕಿದರು. ನಾಯಿಗಳಿಗೆ ಬರುವ ಕರಿನಾಲಗೆಯೆಂಬ ರೋಗವನ್ನು ಪರೀಕ್ಷಿಸುತ್ತ, ಮದ್ಯ ತಯಾರಿಕೆಯಲ್ಲಿ ಬಳಸುವ ಈಸ್ಟ್ ಎಂಬ ಹುದುಗಿನ ಒಣಪುಡಿಯು ಪೆಲಗ್ರವನ್ನೂ ಗುಣಪಡಿಸುವುದೆಂದು ಕಂಡರು. 1927ರಲ್ಲಿ ಮಿಸಿಸಿಪಿ ನದಿಯ ಮಹಾಪೂರದ ಕಾಲದಲ್ಲಿ ರೆಡ್ ಕ್ರಾಸಿನವರು ಆ ಪುಡಿಯನ್ನು ನಿರಾಶ್ರಿತರಿಗೆ ಹಂಚಿದರು. ಆ ಪದಾರ್ಥದೊಳಗಿನ ಸಾರವು ಯಾವುದೆಂದು ತಿಳಿಯುವ ಮೊದಲೇ, 1929ರ ಜನವರಿಯಲ್ಲಿ, ಗೋಲ್ಡ್‌ಬರ್ಗರರು ಮೂತ್ರಪಿಂಡದ ಅರ್ಬುದದಿಂದ ತೀರಿಕೊಂಡರು. ಅದು ನಿಕೊಟಿನಿಕ್ ಆಮ್ಲವೆಂದು 1937ರಲ್ಲಿ ಎಲ್ವೆಜೆಮ್ ಎಂಬ ವಿಜ್ಞಾನಿಯು ನಾಯಿಗಳ ಮೇಲೆ ತೋರಿಸಿಕೊಟ್ಟರು. ಇಂದು ಅದನ್ನು ನಿಯಾಸಿನ್ ಎನ್ನುವರು. ಮುಸುಕಿನ ಜೋಳದಲ್ಲಿ ಅದಿದ್ದರೂ ದೇಹಕ್ಕೆ ದಕ್ಕದಂತೆ ಕಟ್ಟುಬಿದ್ದಿರುತ್ತದೆ. ಮೆಕ್ಸಿಕೋದ ಹೆಂಗಸರು ಆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಕಟ್ಟನ್ನು ಬಿಚ್ಚುವರು. ಯೂರೋಪಿನವರು ಕಾಳನ್ನು ಹಡಗಿನಲ್ಲಿ ಒಯ್ದರು, ಅಡುಗೆಯ ಕ್ರಮವನ್ನು ಅಲ್ಲಿಯೇ ಬಿಟ್ಟರು.

ಈ ರೋಗವು ನಮ್ಮ ದೇಶಕ್ಕೂ ಅಪರಿಚಿತವಲ್ಲ. ದಖ್ಖಣದ ಪ್ರಸ್ಥಭೂಮಿಯಲ್ಲಿ, ಬಿಳಿಜೋಳವನ್ನೇ ಉಣ್ಣುವ ಬಡವರಲ್ಲಿ ಪೆಲಗ್ರವಿದ್ದುದನ್ನು ಹೈದರಾಬಾದಿನ ಡಾಕ್ಟರ್ ಗೋಪಾಲನ್ ಮತ್ತು ಶ್ರೀಕಂಠಯ್ಯ ಇವರು ಪರೀಕ್ಷಿಸಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶವೇ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಸೂಚಿಸಿದರು. ಈ ವಾದವನ್ನು ಎಲ್ಲ ಪಂಡಿತರೂ ಒಪ್ಪಲಿಲ್ಲ. ಇದನ್ನೋದಿ ಬಿಜಾಪುರ ಕಲಬುರಗಿಗಳ ನಮ್ಮ ಓದುಗರು ರೊಟ್ಟಿಯನ್ನು ದೂರ ತಳ್ಳಬೇಕಾಗಿಲ್ಲ. ರೊಟ್ಟಿಯೊಡನೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಬೇಳೆ, ಮೊಸರುಗಳಿರುವ ತಟ್ಟೆಗೆ ಪೆಲಗ್ರದ ಭಯವಿಲ್ಲ. ದಖ್ಖಣದಲ್ಲಿ ರೋಗಕ್ಕೆ ಸಿಕ್ಕಿದವರು ರೊಟ್ಟಿಯ ಜೊತೆಗೆ ಉಪ್ಪು ಮೆಣಸಿನಕಾಯಿಗಿಂತ ಹೆಚ್ಚೇನೂ ಕಾಣದ ಕೂಲಿಗಳು.