ಮೇಡಮ್‌ಗೆ ಸ್ವಲ್ಪ ಸ್ವೀಟಾಗಿ

ಏಪ್ರಿಲ್ ತಿಂಗಳ ಸಂಜೆ, ಬೆಂಗಳೂರಿನ ಒಂದು ಬಾರು. ಎಂಟು ಗಂಟೆಯಾದರೂ ಹೊರಗೆ ಧಗೆ ಇಳಿದಿರಲಿಲ್ಲ. ಗಂಡ ವಿಸ್ಕಿ ಹೇಳಿದ. ನಾನು ಮೆನುವಿನಲ್ಲಿ ‘ಹೂಗೋ ಸ್ಪ್ರಿಟ್ಜ್’ ಕಂಡು ಖುಷಿಯಿಂದ ಅದನ್ನೇ ಹೇಳಿದೆ. ಮ್ಯೂನಿಕ್‌ನಲ್ಲಿದ್ದ ವರ್ಷಗಳಲ್ಲಿ ನನ್ನ ಬೇಸಿಗೆಯ ಪಾನೀಯ ಅದು. (ಹೆಸರಲ್ಲೇ ಹೂ ಉಂಟು ಅಂತ ಅಲ್ಲಿ ನಾನೊಬ್ಬಳೇ ನಗುತ್ತಿದ್ದೆ, ಅಲ್ಲಿಯವರಿಗೆ ಅರ್ಥವಾಗುತ್ತಿರಲಿಲ್ಲ.) ಕೆಳಗೆ ‘ಲೈಟ್, ಫ್ಲೋರಲ್, ಬೇಸಿಗೆಗೆ ತಕ್ಕದ್ದು’ ಅಂತ ಬರೆದಿತ್ತು. ಲೈಟ್ ಅಲ್ಲವಾ, ವಾಪಸ್ಸು ಹೋಗುವಾಗ ಕಾರು ನಾನೇ ಓಡಿಸ್ತೇನೆ ಅಂದುಬಿಟ್ಟೆ. ಆ ಮಾತು ನನ್ನದೇ ತಪ್ಪು, ಒಪ್ಪುತ್ತೇನೆ.

ವೇಟರ್ ಹುಡುಗ ಗಂಡನನ್ನು ಕೇಳಿದ: ಮೂವತ್ತಾ ಅರವತ್ತಾ, ಸೋಡಾನಾ ನೀರಾ, ಐಸ್ ಎಷ್ಟು? ನನ್ನನ್ನು ಏನೂ ಕೇಳಲಿಲ್ಲ. ಕೌಂಟರಿನವನಿಗೆ ಕೂಗಿ ಹೇಳಿದ, “ಮೇಡಮ್‌ಗೆ ಸ್ವಲ್ಪ ಸ್ವೀಟಾಗಿ!”

ಕೌಂಟರಿನ ಪಕ್ಕದಲ್ಲೇ ಕೂತಿದ್ದರಿಂದ ಎಲ್ಲ ಕಾಣುತ್ತಿತ್ತು. ಎಲ್ಡರ್‌ಫ್ಲವರ್ ಲಿಕ್ಯೂರ್ ಒಂದು ಅಳತೆ, 30 ಮಿಲಿ. ಅದರ ಮೇಲೆ ಬಾಟಲಿಯ ಸಕ್ಕರೆ ಪಾಕ ಎರಡು ಅಳತೆ. ಆಮೇಲೆ ಗ್ಲಾಸು ತುಂಬುವವರೆಗೂ ಸ್ಪಾರ್ಕ್ಲಿಂಗ್ ವೈನ್, ಕಡಿಮೆಯೆಂದರೂ 120 ಮಿಲಿ. ಸೋಡಾ ಒಂದು ಹನಿಯೂ ಇಲ್ಲ. ಕುಡಿದೆ. ಪಾನಕದ ಹಾಗೆ ಸರಾಗವಾಗಿ ಇಳಿಯಿತು. ಬಾಯಾರಿಕೆ ಬೇರೆ, ಇನ್ನೊಂದು ತರಿಸಿದೆ. ಏಳುವಾಗ ಮೆಟ್ಟಿಲ ಕಂಬಿ ಹಿಡಿಯಬೇಕಾಯಿತು. ಕಾರು ಅಲ್ಲೇ ಬಿಟ್ಟು ಕ್ಯಾಬಿನಲ್ಲಿ ಬಂದೆವು.

ಮರುದಿನ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆ ವೈನು ಶೇಕಡಾ 11, ಲಿಕ್ಯೂರು ಶೇಕಡಾ 20. ಅಲ್ಲಿಗೆ ನನ್ನ ಒಂದು ಗ್ಲಾಸಿನಲ್ಲಿದ್ದ ಶುದ್ಧ ಆಲ್ಕೋಹಾಲು 19 ಮಿಲಿ ದಾಟಿತು. ನಮ್ಮ ವಿಸ್ಕಿ ಶೇಕಡಾ 42.8, ಗಂಡನ 30 ಮಿಲಿ ಪೆಗ್ಗಿನಲ್ಲಿ ಇದ್ದದ್ದು 13 ಮಿಲಿಗಿಂತ ಕಡಿಮೆ. ಅಂದರೆ ‘ಲೈಟ್’ ಕುಡಿದವಳ ಒಂದು ಗ್ಲಾಸು, ‘ಹಾರ್ಡ್’ ಕುಡಿದವನ ಒಂದು ಪೆಗ್ಗಿನ ಒಂದೂವರೆ ಪಟ್ಟು! ಸಕ್ಕರೆಯ ಲೆಕ್ಕ ಇನ್ನೂ ಚಂದ. ಅರ್ಧಕ್ಕರ್ಧ ಸಕ್ಕರೆಯ ಪಾಕ ಅಂತಿಟ್ಟುಕೊಂಡರೂ 60 ಮಿಲಿಗೆ 37 ಗ್ರಾಂ. ಒಂಬತ್ತು ಟೀ ಚಮಚ.

ನನ್ನ ಜಗಳ ಈ ಸಕ್ಕರೆಯ ಜೊತೆಗೇ. ಹೆಂಗಸರಿಗೆ ಸಿಹಿ ಇಷ್ಟ ಅನ್ನುವುದು ಪ್ರೀತಿಯಿಂದ ಬಂದ ಮಾತಲ್ಲ ಮಾರಾಯ್ರೆ. ಇವಳಿಗೆ ರುಚಿ ಗೊತ್ತಿಲ್ಲ, ಇವಳನ್ನು ಕೇಳುವ ಅಗತ್ಯವೂ ಇಲ್ಲ ಅನ್ನುವ ತಾತ್ಸಾರ ಅದು. ಮದ್ಯದ ಬಿಸಿಯನ್ನು, ಒಗರನ್ನು ಸಿಹಿ ಮುಚ್ಚಿಬಿಡುತ್ತದೆ. ಎಷ್ಟು ಕುಡಿದೆ ಅಂತ ನಾಲಿಗೆ ಹೇಳುವುದೇ ಇಲ್ಲ. ವಿಸ್ಕಿಗೆ 30, 60 ಅಂತ ಅಳತೆ ಬರೆಯುತ್ತಾರೆ. ಕಾಕ್‌ಟೇಲಿಗೆ ಕವಿತೆ ಬರೆಯುತ್ತಾರೆ. ನನ್ನ ಗ್ಲಾಸಿಗೆ ಎಷ್ಟು ಮಿಲಿ ಏನು ಬಿತ್ತು ಅಂತ ಮೆನುವಿನಲ್ಲಿ ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ?

ಕುಡಿಯುವ ವಿಷಯ ಬರೀತಾಳೆ ಅಂತ ಈಗಾಗಲೇ ಕೆಲವರ ಹುಬ್ಬು ಏರಿರುತ್ತದೆ. ನನ್ನ ಸೋದರಮಾವ ಕುಡಿದು ಕುಡಿದು ನಲವತ್ತಾರಕ್ಕೆ ಹೋದರು. ಆ ಮನೆಯಲ್ಲಿ ಬೆಳೆದವಳಿಗೆ ಮದ್ಯ ಏನು ಮಾಡುತ್ತದೆ ಅಂತ ಪಾಠ ಬೇಡ. ಕುಡಿಯದವರು ಕುಡಿಯದೇ ಇರಿ, ಅದೇ ಒಳ್ಳೆಯದು. ಕುಡಿಯುವವಳಿಗೆ ಮಾತ್ರ ಸುಳ್ಳು ಹೇಳಬೇಡಿ.

ಹೂಗೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಉತ್ತರದ ತುದಿಯಲ್ಲಿ ಜರ್ಮನ್ ಮಾತಾಡುವ ಸೌತ್ ಟಿರೋಲ್ ಸೀಮೆಯ ನಾಟುರ್ನ್ಸ್ ಎಂಬ ಊರಿನಲ್ಲಿ. ರೋಲಂಡ್ ಗ್ರೂಬರ್ ಎಂಬ ಬಾರ್‌ಮನ್, ಅಲ್ಲೆಲ್ಲ ನಡೆಯುತ್ತಿದ್ದ ಕಿತ್ತಳೆ ಬಣ್ಣದ ಕಹಿ ಸ್ಪ್ರಿಟ್ಜ್‌ಗೆ ಬದಲಿಯಾಗಿ ಇದನ್ನು ಮಾಡಿದ. ಮೊದಲು ಹಾಕಿದ್ದು ನಿಂಬೆ ವಾಸನೆಯ ಒಂದು ಸೊಪ್ಪಿನ ಪಾಕ. ಎಲ್ಡರ್ ಹೂವಿನ ಪಾಕ ಬಂದದ್ದು ಆಮೇಲೆ. ಪಾಕ, ಲಿಕ್ಯೂರ್ ಅಲ್ಲ. ಮದ್ಯದ ಮೇಲೆ ಮದ್ಯ ಸುರಿಯದೇ ಇದ್ದದ್ದರಿಂದಲೇ ಅದು ಹಗುರ.

ಮ್ಯೂನಿಕ್‌ನಲ್ಲಿ ಪಕ್ಕದ ಮನೆಯ ಅಜ್ಜಿ ನನಗೆ ಆ ಪಾಕ ಕಲಿಸಿದರು. ಜೂನ್ ಹೊತ್ತಿಗೆ ಇಸಾರ್ ನದಿಯ ದಂಡೆಯ ಪೊದೆಗಳಲ್ಲಿ ಕೆನೆಬಣ್ಣದ ಗೊಂಚಲು. ಮಳೆ ಬಂದ ಮರುದಿನ ಕೀಳುವಂತಿಲ್ಲ, ತೊಳೆಯುವಂತಿಲ್ಲ. ಪರಿಮಳವೆಲ್ಲ ಪರಾಗದಲ್ಲಿ ಇರುವುದು. ಹುಳ ಇದ್ದರೆ ಕೊಡವಬೇಕು. ಎಲೆಯಲ್ಲಿ, ಕಾಂಡದಲ್ಲಿ ವಿಷದ ಅಂಶ ಇರುವುದರಿಂದ ದಪ್ಪ ದಂಟು ಕತ್ತರಿಸಿ ಎಸೆಯಬೇಕು. ಸಕ್ಕರೆ ನೀರು, ನಿಂಬೆ ಬಿಲ್ಲೆಗಳ ಜೊತೆ ಎರಡು ಮೂರು ದಿನ ನೆನೆಯಲು ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ಆಯಿತು. ಕೆಲವೇ ವಾರ ಅರಳುವ ಹೂವು, ಅಷ್ಟೇ ಅದರ ಕಾಲ.

ಆ ಪೊದೆ ಬೆಂಗಳೂರಿನಲ್ಲಿ ಇಲ್ಲ. ಹಡಗಿನಲ್ಲಿ ಬಂದ ಬಾಟಲಿ ಉಂಟು. ನನ್ನ ಊರು ಶಂಕರಪುರದ ಹತ್ತಿರ. ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ, 800 ಹೂವಿಗೆ ಒಂದು ಚೆಂಡು ಅಂತ ಮಾರುವ ಊರು. ಅಲ್ಲಿ ಹುಟ್ಟಿ ನಾನು ಹೂವಿನ ವಾಸನೆಯನ್ನು ಆಮದು ಮಾಡಿಕೊಳ್ಳಬೇಕಾ?

ಥಾಯ್ಲೆಂಡಿನವರು ಸಿಹಿತಿಂಡಿಯ ಪಾಕಕ್ಕೆ ಮಲ್ಲಿಗೆ ನೀರು ಬಳಸುತ್ತಾರೆ. ಸಂಜೆ ಬಿರಿಯುವ ಮೊಗ್ಗನ್ನು ನೀರಿನ ಮೇಲೆ ತೇಲಿಬಿಟ್ಟು ಮುಚ್ಚಿಡುವುದು, ಬೆಳಗಾಗುವ ಮೊದಲು ತೆಗೆಯುವುದು. ಹೋದ ತಿಂಗಳು ಊರಲ್ಲಿ ಅದನ್ನೇ ಮಾಡಿದೆ. ಮಾರುಕಟ್ಟೆಯ ಹೂವು ಬೇಡವೇ ಬೇಡ, ಔಷಧಿ ಹೊಡೆದಿರುತ್ತಾರೆ. ನಮ್ಮ ಅಂಗಳದ ಗಿಡದ್ದೇ ಹದಿನೈದು ಇಪ್ಪತ್ತು ಮೊಗ್ಗು, ಕುದಿಸಿ ಆರಿಸಿದ ಒಂದು ಲೋಟ ನೀರು. ಬೆಳಿಗ್ಗೆ ತಡಮಾಡಿದರೆ ಹೂ ಕಂದಿ ನೀರು ಕಹಿ ಆಗುತ್ತದೆ. ಅಷ್ಟೇ ತೂಕದ ಸಕ್ಕರೆಯನ್ನು ಒಲೆಗಿಡದೆ ಕರಗಿಸಬೇಕು. ಬಿಸಿಗೆ ಪರಿಮಳ ಹಾರಿಹೋಗುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ, ಅಷ್ಟರೊಳಗೆ ಮುಗಿಸಿ.

ದೊಡ್ಡ ಗ್ಲಾಸಿನ ತುಂಬ ಐಸು. ಪಾಕ 15 ಮಿಲಿ. ತಣ್ಣಗಿರುವ ವೈನು 90 ಮಿಲಿ, ಲೇಬಲ್ಲಿನಲ್ಲಿ ‘ಬ್ರೂಟ್’ ಅಂತ ಇರಲಿ. ‘ಎಕ್ಸ್‌ಟ್ರಾ ಡ್ರೈ’ ಅಂದರೆ ಇನ್ನೂ ಕಡಿಮೆ ಸಿಹಿ ಅಂತ ಮೋಸಹೋಗಬೇಡಿ, ಅದರಲ್ಲೇ ಸಕ್ಕರೆ ಜಾಸ್ತಿ. ಸೋಡಾ 60. ಒಂದು ಸಲ ಮೆಲ್ಲಗೆ ತಿರುಗಿಸಿ. ನಾಲ್ಕು ಪುದೀನಾ ಎಲೆಯನ್ನು ಜಜ್ಜದೆ ಅಂಗೈಯಲ್ಲಿ ಒಮ್ಮೆ ತಟ್ಟಿ ಹಾಕಿ, ಒಂದು ನಿಂಬೆ ಬಿಲ್ಲೆ. ಆಲ್ಕೋಹಾಲು 10 ಮಿಲಿಯೂ ಇಲ್ಲ. ವೈನಿನ ಒಗರು ನಾಲಿಗೆಗೆ ತಗಲುತ್ತದೆ, ಆದ್ದರಿಂದ ಗಟಗಟ ಇಳಿಯುವುದಿಲ್ಲ. “ಇದೂ ಒಂದು ಡ್ರಿಂಕಾ?” ಅಂತ ಕೇಳುವ ಗಂಡಸರು ಪಾರ್ಟಿಗೊಬ್ಬರು ಇದ್ದೇ ಇರುತ್ತಾರೆ. ಅವರ ಪಾಲಿಗೆ ವಿಸ್ಕಿ ಉಂಟಲ್ಲ, ಇರಲಿ.

ಅಮ್ಮನಿಗೆ ವೈನಿಲ್ಲದೆ ಬರೀ ಸೋಡಾ, ನಿಂಬೆಹುಳಿ ಹಾಕಿ ಕೊಟ್ಟೆ. “ಮಲ್ಲಿಗೆ ದೇವರಿಗೆ, ಇಲ್ಲದಿದ್ದರೆ ಜಡೆಗೆ. ಗ್ಲಾಸಿಗಲ್ಲ” ಅಂದರು, ಆದರೂ ಪೂರ್ತಿ ಕುಡಿದರು. ಮಾವ ತೀರಿದ ಮೇಲೆ ಆ ಮನೆಯೊಳಗೆ ಬಾಟಲಿ ಬಂದಿರಲಿಲ್ಲ. ನಾನು ನನ್ನ ಗ್ಲಾಸಿಗೆ ವೈನು ಬಗ್ಗಿಸುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಎಷ್ಟು ಹಾಕಿದ್ದಿ?”

ಅಳತೆಯ ಲೋಟ ತೋರಿಸಿದೆ. ತೆಗೆದುಕೊಂಡು ಬೆಳಕಿಗೆ ಹಿಡಿದು ಗೆರೆ ನೋಡಿದರು. ವಾಪಸ್ಸು ಕೊಟ್ಟು, ಬಾಟಲಿಯ ಮುಚ್ಚಳ ತಾವೇ ಹಾಕಿದರು.