ಒಂದಂಕದ ಪ್ರಶ್ನೆಯನ್ನು ಒಮ್ಮೆ ನೋಡಿ ಬರೋಣ

ಕದಂಬರ ಮೂಲ ತಿಳಿಸುವ ಸ್ತಂಭಶಾಸನ ಯಾವುದು? ತಾಳಗುಂದ. ಬರೆದ ಕವಿ? ಕುಬ್ಜ. ಒಂದೊಂದು ಅಂಕ ಬಂತು, ಮುಂದಿನ ಪ್ರಶ್ನೆಗೆ ಹೋಗೋಣ. ಶಿವಮೊಗ್ಗದ ರವೀಂದ್ರನಗರದಲ್ಲಿ ಕೂತು ಇದನ್ನು ಉರು ಹೊಡೆಯುವ ನಮ್ಮಲ್ಲಿ ಎಷ್ಟು ಜನ ಆ ಕಂಬದ ಎದುರು ನಿಂತಿದ್ದೇವೆ? ಅದಿರುವುದು ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ.

ಅದೇ ಸಮಯದಲ್ಲಿ ನಮ್ಮ ಮೊಬೈಲ್ ತುಂಬ ಯಾರೋ ಇಟಲಿಯ ಟಸ್ಕನಿಯಲ್ಲಿ, ಫ್ರಾನ್ಸಿನ ಲೋಯರ್ ಕಣಿವೆಯಲ್ಲಿ ಕಾರು ಓಡಿಸುವ ವಿಡಿಯೊಗಳು. ಅವನ್ನು ನೋಡಿ ಆಸೆಪಡುವುದು ತಪ್ಪೇನಲ್ಲ. ಆದರೆ ಅವರು ಪ್ರವಾಸ ಹಾಕಿಕೊಳ್ಳುವ ರೀತಿಯನ್ನೂ ಗಮನಿಸಬೇಕು. ಇಡೀ ದೇಶ ಸುತ್ತುವ ಬದಲು ಒಂದೇ ಸೀಮೆಯನ್ನು ಆರಿಸಿಕೊಳ್ಳುತ್ತಾರೆ, ದಿನಕ್ಕೆ ಸ್ವಲ್ಪ ದೂರವಷ್ಟೇ ಹೋಗುತ್ತಾರೆ, ಹಳ್ಳಿಯಲ್ಲಿ ಇಳಿದು ನಡೆಯುತ್ತಾರೆ. ನಾವಾದರೆ ಒಂದೇ ದಿನದಲ್ಲಿ ಜೋಗ, ಸಿಗಂದೂರು, ಮುರುಡೇಶ್ವರ ಮುಗಿಸಿ, ಇನ್ನೂರು ಫೋಟೊ ಹೊತ್ತು, ನಿದ್ದೆಗೆಟ್ಟು ಮನೆಗೆ ಬರುತ್ತೇವೆ.

ನನ್ನ ಸಲಹೆ ಎರಡು ದಿನದ ಒಂದು ದಾರಿ: ಶಿವಮೊಗ್ಗ, ಶಿಕಾರಿಪುರ, ತಾಳಗುಂದ, ಬಳ್ಳಿಗಾವಿ, ಸೊರಬ, ಕೆಳದಿ, ಇಕ್ಕೇರಿ, ಹೊಸನಗರ, ನಗರ, ಮತ್ತೆ ಶಿವಮೊಗ್ಗ. ಒಟ್ಟು ಸುಮಾರು 300 ಕಿ.ಮೀ. ಈ ದಾರಿಯ ವಿಶೇಷವೆಂದರೆ ನಕ್ಷೆಯಲ್ಲಿ ಮುಂದೆ ಹೋದಂತೆ ಇತಿಹಾಸದಲ್ಲೂ ಮುಂದೆ ಹೋಗುತ್ತೇವೆ.

ತಾಳಗುಂದದ ಕಂಬ 5ನೇ ಶತಮಾನದ್ದು. ಅದು ಹೇಳುವುದು ಒಬ್ಬ ವಿದ್ಯಾರ್ಥಿಯ ಕಥೆ. ಮಯೂರಶರ್ಮ ಗುರುವಿನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನ ನುಂಗಲಾರದೆ ಕತ್ತಿ ಹಿಡಿದ. ಊರು ಬಿಟ್ಟು ದೊಡ್ಡ ನಗರಕ್ಕೆ ಓದಲು, ಕೆಲಸ ಹುಡುಕಲು ಹೋದ ಯಾರಿಗೂ ಈ ಕಥೆ ಬರೀ ಇಸವಿಯಾಗಿ ಉಳಿಯದು. ಅದೇ ಆವರಣದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದೆಂದು ಪುರಾತತ್ವ ಇಲಾಖೆ ಗುರುತಿಸಿದೆ. ಹಲ್ಮಿಡಿಗಿಂತ ಹಳೆಯ ಕನ್ನಡ ಇಲ್ಲಿದೆ ಎಂಬ ಚರ್ಚೆ ಹುಟ್ಟಿದ್ದು ಹೀಗೆ.

ಪಕ್ಕದ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಕೇದಾರೇಶ್ವರ ದೇವಾಲಯದ ಕೋಡಿಮಠದಲ್ಲಿ ಪಾಠದ ಜೊತೆ ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತೆಂದು 12ನೇ ಶತಮಾನದ ಶಾಸನ ಹೇಳುತ್ತದೆ. ಊರಿನಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ನಾವು ಕಾಯುತ್ತಿರುವ ನೇಮಕಾತಿ ಆದೇಶದ ತಲೆಯ ಮೇಲಿರುವ ರಾಜ್ಯ ಲಾಂಛನದಲ್ಲಿರುವುದೂ ಅದೇ ಹಕ್ಕಿ. ಮರುದಿನ ಕೆಳದಿಯ ರಾಮೇಶ್ವರ ದೇವಾಲಯದಲ್ಲಿ ತಲೆಯೆತ್ತಿದರೆ ಚಾವಣಿಯಲ್ಲೂ ಅದು ಕಾಣುತ್ತದೆ.

ಅಲ್ಲಿಂದ ಮುಂದಿನದು ಕೆಳದಿ ನಾಯಕರ ರಾಜಧಾನಿಗಳ ಸಾಲು. ಕೆಳದಿ, ಅಘೋರೇಶ್ವರ ದೇವಾಲಯದ ಇಕ್ಕೇರಿ, ಆಮೇಲೆ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಕರೆದದ್ದರಿಂದ ಬಿದನೂರು ಇವತ್ತಿನ ನಗರವಾಯಿತು. ಶಿವಪ್ಪನಾಯಕನ ಕಂದಾಯದ 'ಶಿಸ್ತು', ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ, ಎಲ್ಲವೂ ಈ ಮಣ್ಣಿನದೇ.

ಕೆಲವು ವ್ಯಾವಹಾರಿಕ ಮಾತು. ಮಳೆಗಾಲ ಬೇಡ, ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಗೆಳೆಯನ ಗೆಳೆಯನಿಂದ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ತರಬೇಡಿ. ಅಪಘಾತವಾದರೆ ವಿಮೆ ಕೈಕೊಡಬಹುದು. ಸೆಲ್ಫ್ ಡ್ರೈವ್‌ಗೆ ಪರ್ಮಿಟ್ ಇರುವ ಕಾರಿನ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಎಲ್‌ಎಲ್‌ಆರ್ ಇರುವವರಿಗೆ ಸ್ಟಿಯರಿಂಗ್ ಕೊಡುವುದು ಬೇಡ. ರಾತ್ರಿ ಸಾಗರದಲ್ಲಿ ಉಳಿಯಿರಿ, ಕತ್ತಲಾದ ಮೇಲೆ ಓಡಿಸಬೇಡಿ. ತಾಳೆಗರಿ ಹಸ್ತಪ್ರತಿಗಳಿರುವ ಕೆಳದಿ ವಸ್ತುಸಂಗ್ರಹಾಲಯದ ರಜೆಯ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ.

'ಕೆಲಸ ಸಿಗೋವರೆಗೂ ಟೂರ್ ಯಾಕೆ?' ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 20 ಲೀಟರ್ ಪೆಟ್ರೋಲ್ ಬೇಕು. ನಾಲ್ವರಿಗೆ ತಲಾ ಐದು ಲೀಟರ್. ಕಾರೇ ಇಲ್ಲದಿದ್ದರೆ ಶಿಕಾರಿಪುರ, ಸಾಗರದವರೆಗೆ ಬಸ್ಸಿದೆ, ಅಲ್ಲಿಂದ ಮುಂದಕ್ಕೆ ಆಟೊ ಹಿಡಿಯಬಹುದು. ಶನಿವಾರ, ಭಾನುವಾರ ಈ ಊರುಗಳನ್ನು ಜೋಡಿಸುವ ಒಂದು ಸರ್ಕಾರಿ ಬಸ್ ಓಡಿದರೆ ಹಾಸ್ಟೆಲ್ ಹುಡುಗ ಹುಡುಗಿಯರು ಕಾರಿನ ಹಂಗಿಲ್ಲದೆ ಹೋಗಿ ಬರಬಹುದು.

ಮನೆಯವರ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಇಟಲಿ 1985ರಲ್ಲೇ ಕಾನೂನು ಮಾಡಿ, ರೈತರು ಬೇಸಾಯದ ಜೊತೆಗೆ ತಮ್ಮ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ಸಂಪಾದಿಸಲು ದಾರಿ ಮಾಡಿಕೊಟ್ಟಿತು. ನಾವು ವಿಡಿಯೊದಲ್ಲಿ ಕಾಣುವ ಟಸ್ಕನಿಯ ಹಿಂದೆ ಆ ಕಾನೂನೂ ಇದೆ. ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಕಡುಬು, ಅಪ್ಪೆಮಿಡಿ ಬಡಿಸಿ ಅತಿಥಿಗಳನ್ನು ಉಳಿಸಿಕೊಳ್ಳಲಾಗದೇ? ಶಾಸನ ಓದಿ ಅರ್ಥ ಹೇಳಬಲ್ಲ ಇತಿಹಾಸದ ಪದವೀಧರರು ಇದೇ ಜಿಲ್ಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದಾರೆ. ಬಳ್ಳಿಗಾವಿಗೆ ಬಂದವರು ಹತ್ತು ನಿಮಿಷದಲ್ಲಿ ಸೆಲ್ಫಿ ತೆಗೆದು ಹೊರಟರೆ ಅಲ್ಲಿನ ಚಹದ ಅಂಗಡಿಗೂ ಲಾಭವಿಲ್ಲ. ಅರ್ಧ ದಿನ ನಿಂತು ಕೇಳುವವರು ಬಂದರೆ ಹೇಳುವವರಿಗೂ ಒಂದು ಕೆಲಸ ಹುಟ್ಟುತ್ತದೆ.

ಆ ಕೇಳುವವರು ಹೊರಗಿನಿಂದ ಬರುವ ಮೊದಲು ನಾವೇ ಹೋಗೋಣ. ಮುಂದಿನ ಪರೀಕ್ಷೆ ಮುಗಿದ ವಾರವೇ ಆಗಬಹುದು. ನೋಟ್ಸ್ ಜೊತೆಯಲ್ಲೇ ಇರಲಿ. ಕಂಬದ ಎದುರು ತೆರೆದು ನೋಡಿದರಾಯಿತು.