ಗೋಧಿಗೆ ಕಳೆನಾಶಕ: ದಿನ, ಗಾಳಿ ನೋಡದೆ ಹೊಡೆದರೆ ನೆರೆಯ ದ್ರಾಕ್ಷಿಗೂ ಕುತ್ತು

ಸೊಲ್ಲಾಪುರ: ಅಕ್ಕಲಕೋಟೆ, ಜತ್ತ ಭಾಗದಲ್ಲಿ ಹಿಂಗಾರಿ ಎಂದರೆ ಮೊದಲು ಬಿಳಿಜೋಳ. ಬಾವಿ, ಕಾಲುವೆ ನೀರಿದ್ದವರು ಗೋಧಿ ಬಿತ್ತುತ್ತಾರೆ. ಕಳೆ ತೆಗೆಯಲು ಆಳು ಸಿಗದಂತಾದ ಮೇಲೆ ಈ ಹೊಲಗಳಿಗೆ ಕಳೆನಾಶಕ, ಅಂದರೆ ಮರಾಠಿಯ ತಣನಾಶಕ, ಕಾಲಿಟ್ಟಿದೆ. ಅಂಗಡಿಯಲ್ಲಿ ಯಾವ ಔಷಧಿ, ಎಷ್ಟು ಬೆಲೆ ಎಂಬ ಮಾತು ನಡೆಯುತ್ತದೆ. ಯಾವಾಗ ಹೊಡೆಯಬೇಕೆಂದು ಕೇಳುವವರು ಕಡಿಮೆ. ನಷ್ಟ ಹುಟ್ಟುವುದು ಅಲ್ಲಿಯೇ.

ಕಾಂಗ್ರೆಸ್ ಹುಲ್ಲು, ಚಾಕವತದಂಥ ಅಗಲ ಎಲೆಯ ಕಳೆಗಳಿಗೆ 2,4-ಡಿ ಅಥವಾ ಮೆಟ್‌ಸಲ್ಫ್ಯೂರಾನ್ ಮೀಥೈಲ್ ಬಳಕೆಯಲ್ಲಿವೆ. ಬಿತ್ತಿದ 30ರಿಂದ 35ನೇ ದಿನ ಇವಕ್ಕೆ ಸೂಕ್ತ ಕಾಲ. ನವೆಂಬರ್ ನಡುವೆ ಬಿತ್ತಿದರೆ ಡಿಸೆಂಬರ್ ಮೂರನೇ ವಾರ. 2,4-ಡಿಯನ್ನು ಇದಕ್ಕಿಂತ ಬಹಳ ಮುಂಚೆ ಹೊಡೆದರೆ, ಇಲ್ಲವೇ ಕಾಂಡದಲ್ಲಿ ಗಿಣ್ಣು ಕಂಡ ಮೇಲೆ ಹೊಡೆದರೆ, ತೆನೆ ಸೊಟ್ಟಾಗಿ ಕಾಳು ಕಡಿಮೆಯಾಗುತ್ತದೆ. ತಡವಾದರೆ ಕಳೆಯೂ ಬಲಿತು ಸಾಯುವುದಿಲ್ಲ. 21ನೇ ದಿನದ ಮೊದಲ ನೀರು ಕೊಟ್ಟು, ಕಾಲು ಹೂಳದಷ್ಟು ಆರಿದ ಹಸಿ ನೆಲದಲ್ಲಿ ಸಿಂಪಡಿಸಬೇಕು. ಒಣಗಿ ಬಾಡಿದ ಕಳೆ ಔಷಧಿ ಹೀರುವುದಿಲ್ಲ. ಹುಲ್ಲಿನ ಜಾತಿಯ ಕಳೆಗೆ ಈ ಎರಡೂ ನಾಟುವುದಿಲ್ಲ. ಅದಕ್ಕೆ ಬಳಸುವ ಸಲ್ಫೋಸಲ್ಫ್ಯೂರಾನ್ ಮಣ್ಣಿನಲ್ಲಿ ಉಳಿದು ಮುಂದಿನ ಜೋಳ, ಮೆಕ್ಕೆಜೋಳಕ್ಕೆ ತೊಂದರೆ ಕೊಡಬಲ್ಲದು. ಜೋಳದ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ.

ಇನ್ನು ಹವೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಅಂದರೆ ಸುಮಾರು 9ರಿಂದ 11 ಗಂಟೆಯೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ಎಲೆ ಮೇಲೆ ಇಬ್ಬನಿ ಇದ್ದರೆ ಔಷಧಿ ತೆಳುವಾಗಿ ಹರಿದುಹೋಗುತ್ತದೆ. ಹೊಡೆದ ಮೇಲೆ ಆರು ಗಂಟೆಯಾದರೂ ಮಳೆ ಬರಬಾರದು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಈ ತಿಂಗಳುಗಳಲ್ಲಿ ಅವಕಾಳಿ ಮಳೆ ಬೀಳುವುದು ನಮಗೆ ಹೊಸದಲ್ಲ. ಗಾಳಿ ಜೋರಿದ್ದರೆ ಪಂಪ್ ಇಳಿಸಿಬಿಡಿ. ಬೆಳಗಿನ ಜಾವ ಗಾಳಿಯೇ ಇಲ್ಲವೆಂದು ಹೊಡೆಯುವುದೂ ತಪ್ಪು. ಒಲೆಯ ಹೊಗೆ ಮೇಲೇರದೆ ನೆಲದ ಗುಂಟ ಹರಡುತ್ತಿದ್ದರೆ ಔಷಧಿಯ ಸಣ್ಣ ಹನಿಯೂ ಹಾಗೆಯೇ ದೂರ ತೇಲುತ್ತದೆ.

ನಮ್ಮ ಭಾಗದಲ್ಲಿ ದೊಡ್ಡ ಅಪಾಯ ಬದುವಿನಾಚೆ ಇದೆ. ಅಕ್ಟೋಬರ್‌ನಲ್ಲಿ ಚಾಟಣಿ ಮಾಡಿದ ದ್ರಾಕ್ಷಿ ಗೋಧಿಗೆ ಔಷಧಿ ಹೊಡೆಯುವ ಹೊತ್ತಿಗೇ ಹೂವು, ಕಾಯಿ ಹಂತದಲ್ಲಿರುತ್ತದೆ. 2,4-ಡಿಗೆ ದ್ರಾಕ್ಷಿಯಷ್ಟು ಬೇಗ ಬಲಿಯಾಗುವ ಬೆಳೆ ಕಡಿಮೆ. ಎಲೆ ಬೀಸಣಿಗೆಯಂತೆ ಮುದುಡುತ್ತದೆ, ಗೊಂಚಲು ಕೆಡುತ್ತದೆ. ಹತ್ತಿ, ಟೊಮ್ಯಾಟೊ, ಕಡಲೆ, ತೊಗರಿಗೂ ಕಾಟ ತಪ್ಪದು. ಈಥೈಲ್ ಎಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಹಾರುತ್ತದೆ. ಸೋಡಿಯಂ, ಅಮೈನ್ ಸಾಲ್ಟ್ ಅಷ್ಟು ಹಾರುವುದಿಲ್ಲ. ಬೆಳೆ ವಿಮೆ ಇರುವುದು ಆಲಿಕಲ್ಲು, ಬರದಂಥ ವಿಕೋಪಕ್ಕೆ. ಪಕ್ಕದ ಹೊಲದಿಂದ ತೇಲಿ ಬಂದ ಔಷಧಿಗೆ ಅದರಲ್ಲಿ ಪರಿಹಾರವಿಲ್ಲ. ಕೊನೆಗೆ ಉಳಿಯುವುದು ಅಣ್ಣತಮ್ಮಂದಿರ, ನೆರೆಯವರ ಜಗಳ.

ಸರ್ಕಾರದ ನಿಲುವೂ ಗಮನಿಸಬೇಕು. 2020ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವಾಲಯ ನಿಷೇಧಿಸಲು ಹೊರಟ 27 ಔಷಧಿಗಳ ಕರಡು ಪಟ್ಟಿಯಲ್ಲಿ 2,4-ಡಿ, ಸಲ್ಫೋಸಲ್ಫ್ಯೂರಾನ್, ಪೆಂಡಿಮೆಥಾಲಿನ್ ಮೂರೂ ಇದ್ದವು. 2023ರ ಅಂತಿಮ ಆದೇಶದಲ್ಲಿ ಇವು ನಿಷೇಧದಿಂದ ಹೊರಗುಳಿದವು. ಹೀಗಾಗಿ ಎಚ್ಚರಿಕೆಯ ಹೊಣೆ ರೈತನ ಮೇಲೆಯೇ ಬಿತ್ತು. ಇತ್ತ ಹವಾಮಾನ ಸಲಹೆ ನೀಡುತ್ತಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳು ದೇಶದಾದ್ಯಂತ 2024ರಲ್ಲಿ ಮುಚ್ಚಿದವು. 2019ರಲ್ಲಿ ಬಂದ ಮೇಘದೂತ್ ಆ್ಯಪ್ ಒಂದು ಆಸರೆ.

ಇಲ್ಲಿ ಭಾಷೆಯ ತೊಡಕೂ ಇದೆ. ಡಬ್ಬಿಯೊಳಗಿನ ಚೀಟಿ ಇಲ್ಲಿ ಮರಾಠಿಯಲ್ಲಿ ಬಂದರೆ, ಮನೆಯಲ್ಲಿ ಕನ್ನಡವಷ್ಟೇ ಓದುವ ಹಿರಿಯರು ಅಂಗಡಿಯವನ ಬಾಯಿಮಾತನ್ನೇ ನಂಬಬೇಕು. ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳಿಂದ ಆ ಚೀಟಿ ಓದಿಸಿಕೊಳ್ಳಿ. ಸಿಂಪಡಿಸುವ ಹಿಂದಿನ ದಿನ ದ್ರಾಕ್ಷಿ ತೋಟದವರಿಗೆ ಒಂದು ಮಾತು ಹೇಳಿ. ಕಳೆನಾಶಕದ ಪಂಪನ್ನು ಬೇರೆಯೇ ಇಡಿ. ತೊಳೆಯದ ಪಂಪಿನಲ್ಲಿ ತೋಟಕ್ಕೆ ಔಷಧಿ ಹೊಡೆದರೆ ಗಾಳಿಯನ್ನು ದೂರಿ ಫಲವಿಲ್ಲ.